ಸೂರ್ಯನಿಗಿಂತ ಮೊದಲು ಭೂಮಿ

ಸೂರ್ಯನಿಗೆ ಈಗ ನಡುವಯಸ್ಸು. ಅವನು ಹುಟ್ಟಿ ಸುಮಾರು 460 ಕೋಟಿ ವರ್ಷಗಳಾಗಿವೆ. ಅವನ ಗರ್ಭದಲ್ಲಿ ಪ್ರತಿ ಸೆಕೆಂಡಿಗೆ 60 ಕೋಟಿ ಟನ್ನಿನಷ್ಟು ಜಲಜನಕ ಹೀಲಿಯಂ ಆಗಿ ಮಾರ್ಪಡುತ್ತಿದೆ. ಈ ಸಮ್ಮಿಲನದಲ್ಲಿ ಸುಮಾರು 40 ಲಕ್ಷ ಟನ್ ದ್ರವ್ಯ ಶಕ್ತಿಯಾಗಿ ಹೊರಬೀಳುತ್ತದೆ. ಹಪ್ಪಳ ಒಣಗಿಸುವ ನಮ್ಮ ಬಿಸಿಲು ಅದರದೊಂದು ಚೂರು! ಇಷ್ಟು ದುಂದುಗಾರನಾದರೂ ಇನ್ನೂ 500 ಕೋಟಿ ವರ್ಷಗಳಿಗೆ ಸಾಲುವಷ್ಟು ಇಂಧನ ಅವನಲ್ಲಿದೆ.

ಹಾಗೆಂದು ಭೂಮಿಯ ಮೇಲಿನ ಜೀವಕ್ಕೂ ಅಷ್ಟೇ ಆಯುಸ್ಸು ಎಂದು ತಿಳಿಯುವಂತಿಲ್ಲ. ಎಣ್ಣೆ ತೀರಿದಂತೆ ದೀಪ ಮಂಕಾಗುತ್ತದೆ, ಸೂರ್ಯನದು ತದ್ವಿರುದ್ಧ. ಹೀಲಿಯಂ ಶೇಖರವಾದಂತೆ ಗರ್ಭ ಕುಗ್ಗುತ್ತದೆ, ಕುಗ್ಗಿದಂತೆ ಬಿಸಿಯೇರುತ್ತದೆ, ಸಮ್ಮಿಲನ ಇನ್ನಷ್ಟು ರಭಸದಿಂದ ನಡೆಯುತ್ತದೆ. ಮುಂದಿನ ನೂರು ಕೋಟಿ ವರ್ಷಗಳಲ್ಲಿ ಸೂರ್ಯನ ಪ್ರಕಾಶ ಶೇಕಡಾ 10ರಷ್ಟು ಹೆಚ್ಚಲಿದೆ. ಅಷ್ಟೇ ತಾನೆ ಎನ್ನಬೇಡಿ. ಕಡಲಿನಿಂದೆದ್ದ ಆವಿ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಆ ಶಾಖಕ್ಕೆ ಮತ್ತಷ್ಟು ನೀರು ಆವಿಯಾಗುತ್ತದೆ. ವಾಯುಮಂಡಲದ ಮೇಲ್ತುದಿಯಲ್ಲಿ ನೇರಳಾತೀತ ಕಿರಣಗಳು ಆ ಆವಿಯನ್ನು ಒಡೆಯುತ್ತವೆ, ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಪರಾರಿಯಾಗುತ್ತದೆ. ಹಾಗೆ ಹೋದ ನೀರು ಮಳೆಯಾಗಿ ಮರಳುವುದಿಲ್ಲ. ಶುಕ್ರ ಗ್ರಹಕ್ಕೆ ಇದೇ ಗತಿ ಒದಗಿರಬೇಕೆಂದು ವಿಜ್ಞಾನಿಗಳ ಊಹೆ.

ಮುಂದಿನ ಪ್ರಸಂಗ ನೋಡಲು ಇಲ್ಲಿ ಯಾರೂ ಇರುವುದಿಲ್ಲ. ಸೂರ್ಯ ಉಬ್ಬಿ ಕೆಂಪು ದೈತ್ಯನಾಗಿ ಬುಧ, ಶುಕ್ರರನ್ನು ನುಂಗುವನು. ದ್ರವ್ಯ ಕಳೆದುಕೊಂಡ ಸೂರ್ಯನ ಹಿಡಿತ ಸಡಿಲವಾಗಿ ಭೂಮಿ ದೂರ ಸರಿದು ಪಾರಾದೀತು ಎಂಬ ಆಸೆಯಿತ್ತು. 2008ರಲ್ಲಿ ಶ್ರೋಡರ್ ಮತ್ತು ಸ್ಮಿತ್ ಎಂಬ ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿ, ಉಬ್ಬಿದ ಸೂರ್ಯನ ಸೆಳೆತಕ್ಕೆ ಸಿಕ್ಕಿ ಭೂಮಿಯೂ ಒಳಗೆ ಬೀಳುವುದೆಂದರು. ಈ ಚರ್ಚೆ ಮುಗಿದಿಲ್ಲ. ಹೊರಪದರಗಳೆಲ್ಲ ಚದುರಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಭೂಮಿಯಷ್ಟೇ ಗಾತ್ರದ ಶ್ವೇತ ಕುಬ್ಜ. ಇಂಧನವಿಲ್ಲದ ಅದು ನೂರಾರು ಕೋಟಿ ವರ್ಷ ಆರುತ್ತಲೇ ಇರುತ್ತದೆ.