ಬಾಗಿದ ಮೈ, ಚಪ್ಪಟೆ ಬಟ್ಟೆ

ಶ್ರೀರಂಗಪಟ್ಟಣದಿಂದ ಪಾಂಡವಪುರವನ್ನು ಹಾದು ಕೃಷ್ಣರಾಜಪೇಟೆ, ನಾಗಮಂಗಲಗಳವರೆಗೆ ಯಾವ ಊರನ್ನು ಹೊಕ್ಕರೂ ಒಂದಲ್ಲ ಒಂದು ಮನೆಯಲ್ಲಿ ಹೊಲಿಗೆಯಂತ್ರದ ಸದ್ದು ಕಿವಿಗೆ ಬೀಳದಿರುವುದು ಅಪೂರ್ವ. ರವಿಕೆ, ಲಂಗ, ಮಕ್ಕಳ ಅಂಗಿ, ದಿಂಬಿನ ಗವಸು ಇವುಗಳನ್ನು ಅನ್ಯರ ನೆರವಿಲ್ಲದೆ ಹೊಲಿದುಕೊಳ್ಳಬಲ್ಲ ಗೃಹಿಣಿಯರು ಇಲ್ಲಿ ಹೇರಳವಾಗಿದ್ದಾರೆ. ಹೀಗಿದ್ದರೂ ಬಾಡಿಯನ್ನೋ ಕಾಚವನ್ನೋ ಮನೆಯಲ್ಲಿಯೇ ಹೊಲಿಯಬಹುದೆಂಬ ಯೋಚನೆ ಅವರಲ್ಲಿ ಬಹುಮಂದಿಗೆ ಬಂದಂತೆ ತೋರದು. ಸಂತೆಯ ದಿನ, ಗಂಡಸೊಬ್ಬನು ಕುಳಿತಿರುವ ಅಂಗಡಿಯ ಮುಂದೆ ಅರೆದನಿಯಲ್ಲಿ ಒಂದು ಸಂಖ್ಯೆಯನ್ನು ಹೇಳಿ, ಅವನು ಸುತ್ತಿಕೊಟ್ಟುದನ್ನು ಬಿಚ್ಚಿಯೂ ನೋಡದೆ ಚೀಲಕ್ಕೆ ಸೇರಿಸಿ, ಮನೆಗೆ ಬಂದ ಮೇಲೆ ಬಿಗಿಯಾದರೂ ಸಡಿಲವಾದರೂ ಹರಿಯುವವರೆಗೆ ಅದನ್ನೇ ಸಹಿಸಿಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಈ ಸಹನೆಗೆ ಸಂಕೋಚವು ಒಂದು ಕಾರಣವೆಂಬುದು ನಿಜ. ಆದರೆ ಅದಕ್ಕಿಂತಲೂ ಬಲವಾದ ಕಾರಣವೊಂದುಂಟು. ಸಡಿಲವಾಗಿ ತೊಡುವ ಉಡುಪಿನಲ್ಲಿ ಕತ್ತರಿಯ ತಪ್ಪುಗಳು ನೆರಿಗೆಯೊಳಗೆ ಅಡಗಿಹೋಗುತ್ತವೆ. ಮೈಗೆ ಒತ್ತಿಕೊಂಡು ನಿಲ್ಲಬೇಕಾದ ಉಡುಪಿನಲ್ಲಿ ಅವು ಅಡಗಲು ಸ್ಥಳವೇ ಇಲ್ಲ. ಆದುದರಿಂದ ಅದನ್ನು ಹೊಲಿಯಲು ಹೊರಟವಳು ಬಟ್ಟೆಯ ಸ್ವಭಾವವನ್ನೂ ಮೈಯ ಜ್ಯಾಮಿತಿಯನ್ನೂ ಸ್ವಲ್ಪಮಟ್ಟಿಗೆ ಅರಿತಿರಬೇಕು.

ಕೈಯ ಕೌಶಲಕ್ಕಂತೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬೆಳಗಾಗುತ್ತಲೇ ಹೊರಡುವ ಹೆಣ್ಣುಮಕ್ಕಳು ಇಲ್ಲಿನ ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. 2020ರ ಜೂನ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಅಂಥ ಒಂದು ಕಾರ್ಖಾನೆ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಸಾವಿರಕ್ಕೂ ಮಿಕ್ಕವರು, ಬಹುಮಟ್ಟಿಗೆ ಹೆಂಗಸರು, ಮತ್ತು ಅವರು ಹೊಲಿದ ಉಡುಪು ಸಮುದ್ರವನ್ನು ದಾಟಿ ಹೋಗುತ್ತಿತ್ತು. ಆದರೆ ಕಾರ್ಖಾನೆಯ ಕ್ರಮವೆಂದರೆ ಒಬ್ಬಳು ದಿನವೆಲ್ಲ ಕಾಲರನ್ನೇ, ಮತ್ತೊಬ್ಬಳು ತೋಳನ್ನೇ, ಇನ್ನೊಬ್ಬಳು ಗುಂಡಿಯ ಪಟ್ಟಿಯನ್ನೇ ಹೊಲಿಯತಕ್ಕದ್ದು. ಒಂದು ಉಡುಪನ್ನು ಆದ್ಯಂತವಾಗಿ ಮನಸ್ಸಿನಲ್ಲಿ ಕಲ್ಪಿಸಿ, ಕಾಗದದ ಮೇಲೆ ಬರೆದು, ಕತ್ತರಿಸಿ, ಕೂಡಿಸುವ ವಿದ್ಯೆಯನ್ನು ಆ ಕ್ರಮವು ಕಲಿಸುವುದಿಲ್ಲ. ಯಂತ್ರದ ಮುಂದೆ ವರ್ಷಗಟ್ಟಲೆ ಕುಳಿತ ಕೈಗಳಿಗೆ ಆ ವಿದ್ಯೆಯೂ ಸೇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಯ ಅಳತೆಯ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಎರಡು ಕರವಸ್ತ್ರಗಳನ್ನು ರಿಬ್ಬನ್ನಿನೊಡನೆ ಕೂಡಿಸಿ ಮನೆಯಲ್ಲಿಯೇ ಮಾಡಿಕೊಂಡ ಬಾಡಿಗೆ 1914ರಲ್ಲಿ ಪೇಟೆಂಟ್ ದೊರೆಯಿತು. ಎದೆಯ ಗಾತ್ರಕ್ಕೆ ಎ, ಬಿ, ಸಿ, ಡಿ ಎಂಬ ಅಕ್ಷರಗಳನ್ನು ಅಲ್ಲಿನ ಕ್ಯಾಂಪ್ ಎಂಬ ಕಂಪನಿ ಬಳಕೆಗೆ ತಂದುದು 1932ರಲ್ಲಿ. ಎದೆಯ ಮೇಲಿನ ಸುತ್ತಳತೆ, ಅದರ ಕೆಳಗಿನ ಸುತ್ತಳತೆ ಇವೆರಡರ ವ್ಯತ್ಯಾಸವೇ ಇಂದು ಆ ಅಕ್ಷರದ ಅರ್ಥ. ಎಡಬಲಗಳ ಭೇದವಾಗಲಿ, ಹೆಗಲಿನ ಇಳಿಜಾರಾಗಲಿ, ಮಗುವಿಗೆ ಹಾಲೂಡಿಸಿದ ಮೇಲೆ ಆದ ಮಾರ್ಪಾಡಾಗಲಿ ಅದರಲ್ಲಿ ಕಾಣದು. ಎರಡು ಸಂಖ್ಯೆಗಳು ಒಂದು ಆಕೃತಿಯನ್ನು ಎಷ್ಟೆಂದು ವರ್ಣಿಸಿಯಾವು?

ಇನ್ನು ಜ್ಯಾಮಿತಿಯ ವಿಚಾರ. ನೀರಿನ ಬಿಂದಿಗೆಯೊಂದಕ್ಕೆ ಹಳೆಯ ವೃತ್ತಪತ್ರಿಕೆಯನ್ನು ಸುಕ್ಕಿಲ್ಲದಂತೆ ಹೊದಿಸಲು ಯತ್ನಿಸಿ ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಹೊಟ್ಟೆಯ ಭಾಗದಲ್ಲಿ ಕಾಗದದ ಅಂಚು ಹೆಚ್ಚಾಗಿ ಸುಕ್ಕು ಬೀಳುತ್ತದೆ. ಕಂಠದ ಬಳಿ, ಒಂದು ದಿಕ್ಕಿನಲ್ಲಿ ಹೊರಕ್ಕೂ ಇನ್ನೊಂದು ದಿಕ್ಕಿನಲ್ಲಿ ಒಳಕ್ಕೂ ಬಾಗಿದ ಕಡೆ, ಅದೇ ಅಂಚು ಸಾಲದೆ ಹರಿಯುತ್ತದೆ. ಜರ್ಮನಿಯ ಗಣಿತಜ್ಞ ಗೌಸನು 1827ರಲ್ಲಿ ಇದರ ಮೂಲತತ್ತ್ವವನ್ನು ಸಾಧಿಸಿ ತೋರಿಸಿದನು: ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಬರಿದೆ ಬಗ್ಗಿಸುವುದರಿಂದ ಒಂದು ಮೇಲ್ಮೈಯ ಆಂತರಿಕ ವಕ್ರತೆ ಬದಲಾಗುವುದಿಲ್ಲ, ಚಪ್ಪಟೆಯಾದುದರ ವಕ್ರತೆ ಸೊನ್ನೆಯಾದುದರಿಂದ ಅದು ಗೋಳದ ಮೇಲೆ ಎಂದಿಗೂ ಸರಿಯಾಗಿ ಕೂರದು. ಸ್ತಂಭಾಕೃತಿಯ ವಕ್ರತೆಯೂ ಈ ಲೆಕ್ಕದಲ್ಲಿ ಸೊನ್ನೆಯೇ; ಲಂಗವನ್ನು ಹೊಲಿಯುವುದು ಸುಲಭವಾಗಿರುವುದಕ್ಕೆ ಅದೇ ಕಾರಣ. ಹಿತ್ತಾಳೆ ಕಂಚುಗಳ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ಲೋಹದ ತಗಡನ್ನು ಬಡಿದು ಬಟ್ಟಲಾಗಿಸಬಹುದೆಂಬುದು ಗೊತ್ತು, ಏಕೆಂದರೆ ಲೋಹವು ಸುತ್ತಿಗೆಯ ಕೆಳಗೆ ಹಿಗ್ಗಿ ತೆಳುವಾಗುತ್ತದೆ. ಮಗ್ಗದ ಬಟ್ಟೆಗೆ ಆ ಗುಣವಿಲ್ಲ.

ಹಾಗಾದರೆ ಉಪಾಯವೇನು? ಉಬ್ಬಿದ ಕಡೆ ಕೋನವನ್ನು ಕಳೆಯಬೇಕು. ಕಂಠದಂತೆ ಬಾಗಿದ ಕಡೆ ಕೋನವನ್ನು ಕೂಡಿಸಬೇಕು. ದುಂಡನೆಯ ಕಾಗದದಿಂದ ಒಂದು ತ್ರಿಕೋನವನ್ನು ಕತ್ತರಿಸಿ ತೆಗೆದು ಉಳಿದ ಅಂಚುಗಳನ್ನು ಸೇರಿಸಿದರೆ ಅದು ಶಂಕುವಾಗಿ ಮೇಲೇಳುತ್ತದೆ. ದರ್ಜಿಗಳು ಡಾರ್ಟ್ ಎಂದೋ ಟಕ್ಸ್ ಎಂದೋ ಕರೆಯುವುದು ಇದನ್ನೇ. ತೆಗೆದ ಕೋನ ದೊಡ್ಡದಾದಷ್ಟೂ ಉಬ್ಬು ಹೆಚ್ಚು. ಆದರೆ ಒಂದೇ ಡಾರ್ಟಿನಿಂದ ಎಲ್ಲ ವಕ್ರತೆಯೂ ಒಂದೇ ಬಿಂದುವಿನಲ್ಲಿ ರಾಶಿಯಾಗಿ ತುದಿ ಚೂಪಾಗುವುದರಿಂದ, ಅದನ್ನು ಎರಡು ಮೂರಾಗಿ ಹಂಚಿ, ಉಬ್ಬಿನ ಶಿಖರಕ್ಕೆ 2 ಸೆಂ.ಮೀ.ನಷ್ಟು ಮೊದಲೇ ನಿಲ್ಲಿಸುವುದು ಒಳ್ಳೆಯದು. ಕಟೋರಿ ರವಿಕೆಯನ್ನು ಹೊಲಿದವಳಿಗೆ ಇದಕ್ಕಿಂತ ಸೊಗಸಾದ ಇನ್ನೊಂದು ಮಾರ್ಗ ತಿಳಿದೇ ಇದೆ: ಬಾಗಿದ ಅಂಚುಗಳುಳ್ಳ ತುಂಡುಗಳನ್ನು ಕೂಡಿಸಿದಾಗ ವಕ್ರತೆಯು ಹೊಲಿಗೆಯ ಉದ್ದಕ್ಕೂ ಹರಡಿಕೊಂಡು ದುಂಡುತನವು ಸಹಜವಾಗಿ ಬರುತ್ತದೆ. ಕಾಚದ ಸಂಗತಿ ಇದಕ್ಕೆ ವಿಪರೀತ. ತೊಡೆಗಳು ಕೂಡುವ ಸ್ಥಳವು ಬಿಂದಿಗೆಯ ಕಂಠದ ಜಾತಿಯದು. ಅಲ್ಲಿ ಎಲೆಯಾಕಾರದ ಒಂದು ಹೆಚ್ಚಿನ ತುಂಡನ್ನು ಸೇರಿಸದಿದ್ದರೆ, ಕುಳಿತೆದ್ದಾಗಲೆಲ್ಲ ಬಟ್ಟೆ ಜಗ್ಗಿ ಹೊಲಿಗೆ ಬಿಡುತ್ತದೆ. ಹಳೆಯ ಕಾಲದ ಅಂಗಿಗಳ ಕಂಕುಳಿನಲ್ಲಿ ಚೌಕದ ತುಂಡನ್ನಿಟ್ಟು ಹೊಲಿಯುತ್ತಿದ್ದವರು ಗೌಸನ ಹೆಸರನ್ನು ಕೇಳದೆಯೇ ಈ ತತ್ತ್ವವನ್ನು ಆಚರಿಸಿದ್ದರು.

ಮಗ್ಗದ ಬಟ್ಟೆ ಹಿಗ್ಗದೆಂದು ಮೇಲೆ ಹೇಳಿದುದಕ್ಕೆ ಒಂದು ಮಹತ್ತ್ವದ ವಿನಾಯಿತಿಯುಂಟು. ಹಾಸಿನ ದಿಕ್ಕಿನಲ್ಲಾಗಲಿ ಹೊಕ್ಕಿನ ದಿಕ್ಕಿನಲ್ಲಾಗಲಿ ಎಳೆದರೆ ಅದು ಅಲುಗುವುದು ಸ್ವಲ್ಪವೇ. ಮೂಲೆಯಿಂದ ಮೂಲೆಗೆ, ಎಂದರೆ 45 ಡಿಗ್ರಿಯ ಓರೆಯಲ್ಲಿ ಎಳೆದರೆ, ನೂಲುಗಳು ಹಿಗ್ಗದೆ ಅವುಗಳ ನಡುವಣ ಕೋನ ಮಾತ್ರ ಬದಲಾಗಿ ಬಟ್ಟೆ ಬಳುಕುತ್ತದೆ. ರಷ್ಯದ ಗಣಿತಜ್ಞ ಚೆಬಿಷೆವ್ 1878ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಯೊಂದರಲ್ಲಿ ಉಡುಪುಗಳ ಕತ್ತರಿಕೆಯನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಡಿ, ಬಟ್ಟೆಯನ್ನು ಹಿಗ್ಗದ ನೂಲುಗಳ ಜಾಲವೆಂದು ಭಾವಿಸಿ, ಗೋಳವನ್ನು ಮುಚ್ಚಲು ಅದನ್ನು ಯಾವ ಆಕಾರದಲ್ಲಿ ಕತ್ತರಿಸಬೇಕೆಂಬುದನ್ನು ವಿಚಾರಿಸಿದನು. ಅಷ್ಟು ದೊಡ್ಡ ಗಣಿತಜ್ಞನೊಬ್ಬನು ದರ್ಜಿಯ ಕೆಲಸವನ್ನು ಗಹನವಾದ ಚಿಂತನೆಗೆ ಯೋಗ್ಯವೆಂದು ಗಣಿಸಿದನೆಂಬುದು ನನಗೆ ಬಹು ಸಂತೋಷವನ್ನು ಕೊಡುವ ಸಂಗತಿ. ನಮ್ಮ ದರ್ಜಿಗಳ ಕ್ರಾಸ್ ಕಟಿಂಗ್ ಈ ಬಳುಕನ್ನೇ ಬಳಸಿಕೊಳ್ಳುತ್ತದೆ. ಬಾಡಿಯ ಎದೆಯ ಭಾಗವನ್ನು ಓರೆಯಾಗಿಯೂ, ಭಾರ ಹೊರುವ ಹೆಗಲಪಟ್ಟಿಯನ್ನು ಹಾಸಿನ ದಿಕ್ಕಿನಲ್ಲಿಯೂ ಕತ್ತರಿಸಿದರೆ, ಒಂದು ಮೈಯೊಡನೆ ಬಾಗುತ್ತದೆ, ಇನ್ನೊಂದು ಜೋಲುವುದಿಲ್ಲ.

ಬಟ್ಟೆಯನ್ನು ಆರಿಸುವಾಗ ಹತ್ತಿಗೆ ಅಗ್ರಸ್ಥಾನ. ಹತ್ತಿಯ ಎಳೆ ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆದುದು. ಅದರ ಅಣುಗಳು ನೀರನ್ನು ಹಿಡಿದಿಡುವ ಸ್ವಭಾವದವು. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿಯು ತನ್ನ ತೂಕದ ಶೇಕಡಾ 7-8 ಭಾಗ ನೀರನ್ನು ಹೀರಿಕೊಂಡಿದ್ದರೆ ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕೆಸರುಗದ್ದೆಯೊಳಗೆ ಬಗ್ಗಿ ನಿಂತು ದಿನವಿಡೀ ನಾಟಿ ಹಾಕುವವಳಿಗೆ ಈ ವ್ಯತ್ಯಾಸವು ಪುಸ್ತಕದ ಮಾತಲ್ಲ. ಬೆವರು ಮೈಗೂ ಬಟ್ಟೆಗೂ ನಡುವೆ ನಿಂತಲ್ಲಿ, ತೊಡೆಯ ಸಂದಿನಲ್ಲಿ, ಎದೆಯ ಕೆಳಗೆ, ಗಜಕರ್ಣದ ಶಿಲೀಂಧ್ರವು ಹುಲುಸಾಗಿ ಬೆಳೆಯುತ್ತದೆ. ಆದರೆ ಪೂರ್ಣವಾಗಿ ನೆನೆದ ಹತ್ತಿ ಬೇಗ ಒಣಗುವುದಿಲ್ಲವೆಂಬುದನ್ನೂ ಮರೆಯಬಾರದು. ಮನೆಗೆ ಬಂದೊಡನೆ ಬದಲಾಯಿಸಲು ಇನ್ನೊಂದು ಜೊತೆ ಸಿದ್ಧವಾಗಿರತಕ್ಕದ್ದು, ಮತ್ತು ಮನೆಯಲ್ಲಿಯೇ ಹೊಲಿದರೆ ಅದು ಭಾರವಾಗದು. ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನ ಮಗ್ಗಗಳಲ್ಲಿ ನೇಯುವಂಥ ಖಾದಿಯ ನವುರಾದ ಬಗೆ ಬಾಡಿಗೆ ಒಪ್ಪುತ್ತದೆ. ಕಾಚಕ್ಕೆ ತಿರುಪ್ಪೂರಿನ ಹೊಸೈರಿ ಬಟ್ಟೆ ಮೇಲು, ಏಕೆಂದರೆ ಅದರಲ್ಲಿ ನೂಲು ಕುಣಿಕೆಕುಣಿಕೆಯಾಗಿ ಹೆಣೆದುಕೊಂಡಿದ್ದು ಎಲ್ಲ ದಿಕ್ಕಿಗೂ ಹಿಗ್ಗುತ್ತದೆ. ಯಾವುದಾದರೂ ಸರಿ, ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಯಿಟ್ಟು ಒಣಗಿಸಲೇಬೇಕು. ತಯಾರಿಕೆಯಲ್ಲಿ ಎಳೆಯಲ್ಪಟ್ಟ ನೂಲು ಮೊದಲ ಒಗೆತದಲ್ಲಿ ಸಡಿಲಗೊಂಡು ಕುಗ್ಗುತ್ತದೆ.

ಹೊಸೈರಿಯನ್ನು ಮನೆಯ ಸಾಧಾರಣ ಯಂತ್ರದಲ್ಲಿ ಹೊಲಿದಾಗ ದಾರ ಪಟಪಟನೆ ಕಡಿಯುವುದೇಕೆಂದು ಕೇಳುವವರುಂಟು. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದ ಕಾಲದಿಂದಲೂ ಮೇಲಿನ ದಾರ, ಬಾಬಿನ್ನಿನ ದಾರ ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಕೊಂಡಿಯಂತೆ ಹಿಡಿದು ನೇರವಾಗಿ ಸಾಗುತ್ತವೆ. ಬಟ್ಟೆ ಹಿಗ್ಗಿದರೆ ಕೊಡಲು ಅವುಗಳಲ್ಲಿ ಹೆಚ್ಚಿನ ದಾರವಿಲ್ಲ. ಜಿಗ್‌ಜಾಗ್ ಹೊಲಿಗೆಯಲ್ಲಾದರೋ, ಅದರ ಕಾಲುಗಳು 45 ಡಿಗ್ರಿ ಓರೆಯಾಗಿದ್ದರೆ, 10 ಸೆಂ.ಮೀ. ಬಟ್ಟೆಯಲ್ಲಿ ಸುಮಾರು 14 ಸೆಂ.ಮೀ. ದಾರ ಅಡಗಿರುತ್ತದೆ. ಅಂಥ ಯಂತ್ರವಿಲ್ಲದವರು ಹೊಲಿಗೆಯನ್ನು ಸಣ್ಣದಾಗಿಟ್ಟು, ಬಟ್ಟೆಯನ್ನು ಕೈಯಿಂದ ತುಸು ಎಳೆದು ಹಿಡಿದು ಹೊಲಿಯಬಹುದು. ಸೂಜಿ 11ನೆಯ ನಂಬರಿನದು, ತುದಿ ಮೊಂಡಾದ ಬಾಲ್ ಪಾಯಿಂಟ್ ಆಗಿರಲಿ. ಚೂಪು ಸೂಜಿ ಕುಣಿಕೆಯನ್ನು ಕಡಿದರೆ ತೂತು ಏಣಿಯಂತೆ ಇಳಿಯುತ್ತದೆ.

ಕೊನೆಗೆ ಎಲಾಸ್ಟಿಕ್. ಸೊಂಟದ ಅಳತೆಗಿಂತ ಹತ್ತನೆಯ ಒಂದು ಭಾಗ ಕಡಿಮೆಯಾಗಿ ಅದನ್ನು ಕತ್ತರಿಸುವುದು ರೂಢಿ. ಬಿಗಿದ ಪಟ್ಟಿ ಚರ್ಮವನ್ನು ಒತ್ತುವ ಬಲವು ಪಟ್ಟಿಯ ಸೆಳೆತವನ್ನು ಮಾತ್ರವಲ್ಲದೆ ಮೈಯ ಬಾಗನ್ನೂ ಅವಲಂಬಿಸಿದೆ ಎಂಬುದು ಲಾಪ್ಲಾಸನ ಹೆಸರಿನ ನಿಯಮ. ಬಾಗು ತೀಕ್ಷ್ಣವಾದಲ್ಲಿ ಒತ್ತಡ ಹೆಚ್ಚು. ಸೊಂಟದ ಮೂಳೆಯ ಬಳಿ ಕೆಂಪು ಗೆರೆ ಮೂಡುವುದಕ್ಕೆ ಇದೇ ಕಾರಣ. ಪಟ್ಟಿಯನ್ನು ಅಗಲ ಮಾಡಿದರೆ ಅದೇ ಸೆಳೆತವು ಹೆಚ್ಚು ಚರ್ಮದ ಮೇಲೆ ಹಂಚಿಹೋಗಿ ನೋವು ತಗ್ಗುತ್ತದೆ.

ಎಲಾಸ್ಟಿಕ್ಕಿನ ರಬ್ಬರಿಗೂ ಹತ್ತಿಗೂ ಒಂದು ವೈರವುಂಟು. ಹತ್ತಿಗೆ ಬಿಸಿಲು ಬೇಕು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ ಬಟ್ಟೆಯಲ್ಲಿ ಶಿಲೀಂಧ್ರಕ್ಕೆ ತೇವ ದೊರೆಯದು. ರಬ್ಬರಿಗೋ ಬಿಸಿಲೂ ಗಾಳಿಯ ಆಮ್ಲಜನಕವೂ ಸೇರಿ ಅಣುಸರಪಳಿಗಳನ್ನು ಕಡಿಯುವುದರಿಂದ ಅದು ಬೇಗ ಜೋತುಬೀಳುತ್ತದೆ. ಹೆಂಗಸರ ಒಳ ಉಡುಪನ್ನು ಸೀರೆಯ ಮರೆಯಲ್ಲಿ, ಬಚ್ಚಲ ಮನೆಯ ಮೂಲೆಯಲ್ಲಿ ಒಣಹಾಕುವ ನಮ್ಮ ಪದ್ಧತಿ ರಬ್ಬರನ್ನು ಕಾಪಾಡಿ ಚರ್ಮವನ್ನು ಕೆಡಿಸುತ್ತದೆ, ಮತ್ತು ಈ ಪದ್ಧತಿ ತೊಲಗಬೇಕೆಂದು ನಾನು ಹೃತ್ಪೂರ್ವಕವಾಗಿ ಬಯಸುತ್ತೇನೆ. ಮನೆಯಲ್ಲಿ ಹೊಲಿಯುವವಳಿಗೆ ಇದಕ್ಕೆ ಪರಿಹಾರ ಸುಲಭ. ಎಲಾಸ್ಟಿಕ್ಕನ್ನು ಬಟ್ಟೆಗೇ ಹೊಲಿಯದೆ, ಲಂಗದ ಲಾಡಿಯಂತೆ ಮಡಿಕೆಯೊಳಗೆ ತೂರಿಸಿ, ಒಂದು ಕಡೆ ಸಣ್ಣ ಬಾಯಿಯನ್ನು ಬಿಟ್ಟರೆ, ಅದನ್ನು ಹೊರಕ್ಕೆಳೆದು ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಬಹುದು. ಜೋತುಬಿದ್ದಾಗ ಹೊಸದನ್ನು ತೂರಿಸಬಹುದು.

ಮೊದಲ ಪ್ರಯತ್ನಕ್ಕೆ ಹೊಸ ಬಟ್ಟೆ ಬೇಡ; ಕಾಚಕ್ಕೆ ಹಳೆಯ ಬನಿಯನ್, ಬಾಡಿಗೆ ಹಳೆಯ ಪಂಚೆಯ ತುಂಡು ಸಾಕು. ಕಚ್ಚಾ ಹೊಲಿಗೆ ಹಾಕಿ ತೊಟ್ಟು, ಕೈಯೆತ್ತಿ, ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಸುಕ್ಕು ಬಿದ್ದಲ್ಲಿ ಬಟ್ಟೆ ಹೆಚ್ಚು, ಅಲ್ಲಿ ಡಾರ್ಟನ್ನು ಅಗಲಿಸಬೇಕು. ಜಗ್ಗಿದಲ್ಲಿ ಬಟ್ಟೆ ಸಾಲದು, ಅಲ್ಲಿ ಬಿಚ್ಚಿ ತುಂಡು ಸೇರಿಸಬೇಕು. ಸರಿಹೋದ ಮೇಲೆ ಅದನ್ನು ಬಿಚ್ಚಿ ದಪ್ಪ ಕಾಗದದ ಮೇಲಿಟ್ಟು ಗೆರೆಯೆಳೆದುಕೊಂಡು, ಹಾಸಿನ ದಿಕ್ಕನ್ನು ಬಾಣದಿಂದ ಗುರುತಿಸಿ, ತಿಂಗಳು ವರ್ಷಗಳನ್ನು ಮೂಲೆಯಲ್ಲಿ ಬರೆದಿಡತಕ್ಕದ್ದು. ಹೆರಿಗೆಯ ನಂತರವೂ ವಯಸ್ಸು ಏರಿದಂತೆಯೂ ಅಳತೆ ಮಾರ್ಪಡುವುದರಿಂದ ಆ ಕಾಗದವನ್ನು ಆಗಾಗ ತಿದ್ದಬೇಕಾಗುತ್ತದೆ.