ಮಾವಿಗೆ ನೀರು ಕೊಡದ ತಿಂಗಳು

ಸಾಗರದ ಪೇಟೆ ದಾಟಿ ವರದಹಳ್ಳಿಯ ದಿಕ್ಕಿನಲ್ಲಿ ಸ್ವಲ್ಪ ದೂರ ಹೋಗಿ ಮಣ್ಣಿನ ರಸ್ತೆಗೆ ಇಳಿದರೆ ದೊಡ್ಡಮ್ಮನ ಮನೆ. ಡಿಸೆಂಬರ್ ಮೊದಲ ವಾರ. ಅಂಗಳದಲ್ಲಿ ಅಡಿಕೆ ಸುಲಿಯುವ ಗಡಿಬಿಡಿ, ಹಂಡೆಯಲ್ಲಿ ಬೇಯುತ್ತಿರುವ ಅಡಿಕೆಯ ಒಗರು ವಾಸನೆ. ಮನೆಯವರಿಗೆಲ್ಲ ಈಗ ಅಡಿಕೆ ಬಿಟ್ಟರೆ ಬೇರೆ ಲೋಕವಿಲ್ಲ. ಹಿತ್ತಲು ಮಾತ್ರ ದೊಡ್ಡಮ್ಮನದು. ಕಾಲು ಎಕರೆಗೂ ಕಡಿಮೆ ಜಾಗದಲ್ಲಿ ಎರಡು ಮಾವು, ಒಂದು ಅಪ್ಪೆಮಿಡಿ, ಹಲಸು, ಚಿಕ್ಕು, ಪೇರಲೆ, ಎರಡು ನಿಂಬೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ.

ನಾನು ಬಂದದ್ದು ಒಂದು ಪ್ರಶ್ನೆ ಹೊತ್ತು. ಬೆಂಗಳೂರಿನ ನಮ್ಮ ಮನೆಯ ಹಿಂದಿನ ಮಾವಿನ ಮರಕ್ಕೆ ಏಳು ವರ್ಷ. ಎಲೆ ಹಚ್ಚಗೆ ತುಂಬಿಕೊಂಡಿದೆ, ಹೂವಿಲ್ಲ. ಚಳಿಗಾಲದಲ್ಲಿ ಒಣಗಿಬಿಟ್ಟೀತೆಂದು ವಾರಕ್ಕೆ ಎರಡು ಸಲ ಬುಡ ತುಂಬ ನೀರು ಹಾಕುತ್ತಿದ್ದೆ. ಅದನ್ನು ಕೇಳಿದ ಕೂಡಲೇ ದೊಡ್ಡಮ್ಮ ಹಿತ್ತಲ ಬಾಗಿಲು ತೆರೆದು ನನ್ನನ್ನು ಮಾವಿನ ಬುಡಕ್ಕೇ ಕರೆದೊಯ್ದರು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

“ಈಗ ನೀರು ಕೊಡಡ ತಮಾ. ಕೊಟ್ರೆ ಚಿಗುರು ಬತ್ತು, ಹೂ ಬತ್ತಿಲ್ಲೆ.”

ಮಳೆಗಾಲದಲ್ಲಿ ಬಂದ ಚಿಗುರು ನಾಲ್ಕೈದು ತಿಂಗಳು ಬಲಿಯಬೇಕು. ಆಮೇಲೆ ರಾತ್ರಿಯ ಚಳಿ ತಾಗಬೇಕು, ಬೇರಿಗೆ ಒಣಹವೆ ಸಿಗಬೇಕು. ಆಗ ಕೊಂಬೆಯ ತುದಿಯ ಮೊಗ್ಗು ಎಲೆಯಾಗುವುದನ್ನು ಬಿಟ್ಟು ಹೂಗೊಂಚಲಾಗುತ್ತದೆ. ಇದೇ ಹೊತ್ತಿಗೆ ನೀರು, ಗೊಬ್ಬರ ಸಿಕ್ಕರೆ ಮರ ಬೆಳೆಯುವ ಕಡೆಗೆ ವಾಲುತ್ತದೆ. ಹಾಗಾಗಿ ಕಾಯಿ ಬಿಡುವ ವಯಸ್ಸಿನ ಮಾವಿಗೆ ಹೂ ಬರುವ ಎರಡು ಮೂರು ತಿಂಗಳ ಮೊದಲಿನಿಂದಲೇ ನೀರು ನಿಲ್ಲಿಸಬೇಕು. ಮತ್ತೆ ಕೊಡುವುದು ಮಿಡಿ ಬಟಾಣಿ ಕಾಳಿನಷ್ಟಾದ ಮೇಲೆ. ನೆಟ್ಟು ಎರಡು ಮೂರು ವರ್ಷವಾಗದ ಸಸಿಗೆ ಮಾತ್ರ ಈ ಮಾತು ಸಲ್ಲದು. ಅದಕ್ಕೆ ನೀರೂ ಬೇಕು, ಬುಡಕ್ಕೆ ದರಕಿನ ಹೊದಿಕೆಯೂ ಬೇಕು. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ಒರಲೆ ಹತ್ತುತ್ತದೆ.

ಕತ್ತರಿ ಆಡಿಸುವ ವಿಷಯದಲ್ಲೂ ನಾನು ತಪ್ಪಿದ್ದೆ. ಚಳಿಗಾಲವೆಂದರೆ ಮರ ಸವರುವ ಕಾಲವೆಂದು ಎಲ್ಲೋ ಓದಿ ಕಳೆದ ವರ್ಷ ತುದಿಗಳನ್ನೆಲ್ಲ ಕತ್ತರಿಸಿದ್ದೆ. ಅದು ಎಲೆ ಉದುರಿಸಿ ನಿದ್ದೆ ಹೋಗುವ ಸೇಬು, ಪೇರುಗಳ ಲೆಕ್ಕ. ಮಾವಿಗೆ ಹೂ ಬರುವುದೇ ತುದಿಯಲ್ಲಿ. ಡಿಸೆಂಬರಿನಲ್ಲಿ ತುದಿ ಕತ್ತರಿಸಿದರೆ ಆ ವರ್ಷದ ಫಸಲನ್ನೇ ಕತ್ತರಿಸಿದಂತೆ. ಆಕಾರಕ್ಕೆ ಸವರುವುದೇನಿದ್ದರೂ ಹಣ್ಣು ಮುಗಿದ ಕೂಡಲೇ ಆಗಬೇಕು.

ಆದರೆ ಒಂದು ಕತ್ತರಿ ಕೆಲಸಕ್ಕೆ ಇದೇ ಕಾಲ. ಎರಡನೆಯ ಮಾವಿನ ನಡುಕೊಂಬೆಯಲ್ಲಿ ದಪ್ಪ ಎಲೆಯ ಪೊದೆಯೊಂದು ನೇತಾಡುತ್ತಿತ್ತು, ಕೇಸರಿ ಬಣ್ಣದ ಉದ್ದನೆಯ ಕೊಳವೆ ಹೂ ಬಿಟ್ಟುಕೊಂಡು. ಬಂದಳಿಕೆ. ನೋಡಲು ಚೆಂದ, ಸೂರಕ್ಕಿಗಳು ಅದರ ಸುತ್ತಲೇ ಇದ್ದವು. ಎಲೆಯಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಂಡರೂ ನೀರು ಮತ್ತು ಲವಣವನ್ನು ಅದು ಮಾವಿನ ಮರದೊಳಗಿಂದ ಹೀರುತ್ತದೆ. ಬಂದಳಿಕೆಯಿಂದ ಆಚೆಗಿನ ಕೊಂಬೆ ವರ್ಷದಿಂದ ವರ್ಷಕ್ಕೆ ಸೊರಗಿ ಒಣಗುತ್ತದೆ. ಬೇಸಿಗೆಯಲ್ಲಿ ಹಣ್ಣಾದರೆ ಬದನಿಕೆ ಹಕ್ಕಿ ತಿಂದು, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಉಜ್ಜಿ ಹೋಗುತ್ತದೆ. ಹೂವಿರುವಾಗಲೇ ತೆಗೆಯಬೇಕೆನ್ನುವುದು ಅದಕ್ಕೇ. ಏಣಿ ಹತ್ತಿದ ಆಳು ಪೊದೆಗೆ ಕೈಹಾಕಿದಾಗ ದೊಡ್ಡಮ್ಮ ಕೆಳಗಿನಿಂದ ಕೂಗಿದರು: “ಮುರಿದ್ರೆ ಸಾಲ್ತಿಲ್ಲೆ, ಮತ್ತೆ ಬತ್ತು!” ಬಂದಳಿಕೆ ಅಂಟಿದ ಜಾಗದಿಂದ ಒಂದೆರಡು ಅಡಿ ಬುಡದ ಕಡೆಗೆ, ಮಾವಿನ ಕೊಂಬೆಯನ್ನೇ ಗರಗಸದಿಂದ ಕೊಯ್ಯಬೇಕು. ಅದರ ಬೇರು ಮರದೊಳಗೆ ಇಳಿದಿರುತ್ತದೆ. ಒಳ್ಳೆಯ ಕೊಂಬೆ ಹೋಯಿತೆಂದು ನನಗೆ ಮರುಕವಾಯಿತು. ಆದರೂ ಇದನ್ನು ಮುಂದೂಡಿದ ಹಿತ್ತಲುಗಳನ್ನು ನೋಡಿದ್ದೇನೆ, ಕೊನೆಗೆ ಅಲ್ಲಿ ಬಂದಳಿಕೆಯ ಎಲೆಯೇ ಹೆಚ್ಚು.

ಕೊಯ್ದ ಗಾಯಕ್ಕೆ ಬೋರ್ಡೋ ಮುಲಾಮು. ಅಡಿಕೆಯ ಊರಿನಲ್ಲಿ ಇದಕ್ಕೆ ಪಾಠ ಬೇಕಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಇಲ್ಲಿನ ಬೆಳೆಗಾರರಿಗೆ ಕಲಿಸಿದರು. ತೋಟಕ್ಕೆ ಹೊಡೆಯುವ ದ್ರಾವಣದಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣಕ್ಕೆ 100 ಲೀಟರ್ ನೀರು. ಮುಲಾಮಿಗೆ 10 ಲೀಟರ್ ಸಾಕು. ಹಿತ್ತಲಿನ ಲೆಕ್ಕಕ್ಕೆ ಇಳಿಸಿದರೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರ್ಧರ್ಧ ಲೀಟರಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಲಸಿದ್ದನ್ನು ಅಂದೇ ಬಳಿದು ಮುಗಿಸಬೇಕು.

ಅದೇ ಮರದ ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿತ್ತು. ದೊಡ್ಡಮ್ಮ ಕಾಂಡದ ಮೇಲೆ ಕೈಯಾಡಿಸುತ್ತ ಹೋಗಿ ಮೊಣಕಾಲೆತ್ತರದಲ್ಲಿ ಒಂದು ತೂತು ಹುಡುಕಿದರು. ಮಳೆಗಾಲದಲ್ಲಿ ದುಂಬಿ ಇಟ್ಟ ಮೊಟ್ಟೆ ಹುಳುವಾಗಿ ಒಳಗೆ ಕೊರೆಯುತ್ತಿದೆ. ಸೈಕಲ್ ಚಕ್ರದ ಕಡ್ಡಿಯ ತುದಿ ಬಗ್ಗಿಸಿ ತೂರಿಸಿದಾಗ ಕಿರುಬೆರಳಿನಷ್ಟು ದಪ್ಪದ ಬಿಳಿ ಹುಳು ಸಿಕ್ಕಿತು. ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದರು. ತಿಂಗಳಿಗೊಮ್ಮೆ ಬುಡ ನೋಡುವ ಅಭ್ಯಾಸವೊಂದಿದ್ದರೆ ಎಷ್ಟೋ ಮರಗಳು ಉಳಿಯುತ್ತವೆ.

ಹಲಸಿನ ಹತ್ತಿರ ಹೋದಾಗ ನೆಲದ ತುಂಬ ಬೆರಳುದ್ದದ ಕಪ್ಪು ಮಿಡಿಗಳು. ರೋಗವೇ ಇರಬೇಕೆಂದುಕೊಂಡೆ. “ಹೆದರಡ, ಅದು ಗಂಡು. ಅದ್ರ ಕೆಲ್ಸ ಆತು” ಎಂದರು. ಪರಾಗ ಉದುರಿಸಿದ ಗಂಡು ಮಿಡಿಗೆ ಬೂಸಲು ಬಂದು ಬೀಳುವುದು ಸಹಜ. ಹೆಣ್ಣು ಮಿಡಿ ಕಾಂಡದಿಂದ, ದಪ್ಪ ಕೊಂಬೆಯಿಂದ ಬರುತ್ತದೆ, ಅದರ ತೊಟ್ಟು ದಪ್ಪ. ಹೋದ ವರ್ಷದ ಒಣ ತೊಟ್ಟುಗಳನ್ನು ಮಳೆ ಮುಗಿದಾಗಲೇ ಕತ್ತಿಯಿಂದ ಸವರಿ ಕಾಂಡ ಚೊಕ್ಕ ಮಾಡಿದ್ದರು.

ಚಿಕ್ಕು ಖಿರಣಿಯ ಮೇಲೆ ಕಸಿ ಕಟ್ಟಿದ್ದು. ಕಸಿಯ ಕೆಳಗೆ ಹೊರಟ ಚಿಗುರನ್ನು ಚಿವುಟಿ ಹಾಕಿದರೆ ಆಯಿತು. ಪೇರಲೆಯಲ್ಲಿ ಚಳಿಗಾಲದ ಹಣ್ಣಿತ್ತು, ಮಳೆಗಾಲದ ಹಣ್ಣಿನಲ್ಲಿರುವ ಹುಳು ಇದರಲ್ಲಿರಲಿಲ್ಲ, ಸಿಹಿಯೂ ಗಟ್ಟಿ. ಎರಡು ತಿಂದು ಮುಂದೆ ಹೋದೆ.

ಬೇಲಿಯಂಚಿನ ಅಪ್ಪೆಮಿಡಿ ದೊಡ್ಡಮ್ಮನ ಜೀವ. ಹೊಳೆದಂಡೆಯ ಹಳೆಯ ಮರವೊಂದರ ಕಡ್ಡಿ ತಂದು ಕಸಿ ಮಾಡಿಸಿದ್ದು. ಆ ಮೂಲ ಮರ ಈಗ ಇಲ್ಲ. ಉಪ್ಪಿನಲ್ಲಿಟ್ಟರೆ ವರ್ಷಗಟ್ಟಲೆ ಗರಿಗರಿ ಉಳಿಯುವ, ಸೊನೆಗೇ ಪರಿಮಳವಿರುವ ಮಿಡಿ. ಇದರ ಮೇಲಿನ ಭಯ ಜನವರಿಯ ಮೋಡ ಮತ್ತು ಇಬ್ಬನಿ. ಹೂವಿಗೆ ಬೂದಿ ರೋಗ ಬರುವುದು, ಜಿಗಿಹುಳು ಹತ್ತುವುದು ಆಗಲೇ. ಗೊಂಚಲು ಹೊರಡುವಾಗ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಕಲಸಿ ಸಿಂಪಡಿಸುತ್ತಾರೆ. ಹೂ ಅರಳಿದ ಮೇಲೆ ಏನನ್ನೂ ಹೊಡೆಯುವುದಿಲ್ಲ. ಗೋಡೆಯ ಸಂದಿಯಲ್ಲಿ ಮಿಸರಿ ಜೇನಿನ ಗೂಡಿದೆ, ಅವು ಬರಬೇಕು.

ಬಿಸಿಲು ಇಳಿಯುತ್ತಿತ್ತು. ದೊಡ್ಡಮ್ಮ ಅಪ್ಪೆಯ ಕೊಂಬೆಯೊಂದನ್ನು ಬಗ್ಗಿಸಿ ತುದಿಯನ್ನು ನನ್ನ ಬೆರಳಿಗೆ ತಾಗಿಸಿದರು. ಮೊಗ್ಗು ಉಬ್ಬಿ ಗುಂಡಗಾಗಿತ್ತು. ಆಮೇಲೆ ಬಾವಿಕಟ್ಟೆಯ ಮೇಲಿದ್ದ ತುಂಬಿದ ಕೊಡ ಎತ್ತಿಕೊಂಡು, ಒಣಗಿದ ಮೂರು ಮಾವಿನ ಬುಡಗಳನ್ನು ದಾಟಿ, ನಿಂಬೆಯ ಪಾತಿಗೆ ಸುರಿದರು.