ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್ ಮುನಿಸು: ದೋಷ ಯಂತ್ರದ್ದಲ್ಲ

ಬೆಂಗಳೂರು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಲ್ಯಾಪ್‌ಟಾಪನ್ನು ಮೂಲೆಗೆಸೆಯಲು ಮನಸ್ಸಿಲ್ಲದವರಿಗೆ ಉಚಿತವಾದ ಲಿನಕ್ಸ್ ಒಂದು ದಾರಿ. ಆದರೆ ಮೊದಲ ದಿನವೇ ಕೆಲವರಿಗೆ ತೊಡಕು ಎದುರಾಗುತ್ತದೆ. ಟಚ್‌ಪ್ಯಾಡನ್ನು ತಟ್ಟಿದರೂ ಕ್ಲಿಕ್ ಆಗುವುದಿಲ್ಲ. ಇಲ್ಲವೇ ಟೈಪ್ ಮಾಡುತ್ತಿರುವಾಗಲೇ ಕರ್ಸರ್ ಬೇರೊಂದು ಸಾಲಿಗೆ ಜಿಗಿಯುತ್ತದೆ. ರಿಪೇರಿಗೆ ಹಣ ತೆರುವ ಮುನ್ನ ಸೆಟ್ಟಿಂಗ್ಸ್ ನೋಡುವುದು ಲೇಸು.

ಬೆರಳಿನ ಚಲನೆಯನ್ನು ಅರ್ಥೈಸುವ ಹೊಣೆ ಇಂದು ಬಹುತೇಕ ಲಿನಕ್ಸ್ ಆವೃತ್ತಿಗಳಲ್ಲಿ 'ಲಿಬ್‌ಇನ್‌ಪುಟ್' ಎಂಬ ತಂತ್ರಾಂಶದ್ದು. ಕ್ಲಿಕ್ ಗುಂಡಿಯಿರುವ ಟಚ್‌ಪ್ಯಾಡುಗಳಲ್ಲಿ ತಟ್ಟಿ ಕ್ಲಿಕ್ಕಿಸುವ ಸೌಲಭ್ಯವನ್ನು ಅದು ತಾನಾಗಿ ಚಾಲನೆಗೊಳಿಸುವುದಿಲ್ಲ. ಸೌಲಭ್ಯ ಇದೆಯೆಂದೇ ಅರಿಯದವರಿಗೆ ಆಕಸ್ಮಿಕ ಸ್ಪರ್ಶವೂ ಕ್ಲಿಕ್ಕಾಗಿ ಗೊಂದಲವಾಗಬಾರದೆಂಬುದು ಇದರ ಹಿಂದಿನ ಎಚ್ಚರಿಕೆ. ಆದರೆ 2024ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 46 ಇದನ್ನು ಮೊದಲೇ ಚಾಲನೆಯಲ್ಲಿಟ್ಟಿತು.

ಪರಿಹಾರ ಸರಳ. ಗ್ನೋಮ್ ಇರುವವರು ಸೆಟ್ಟಿಂಗ್ಸ್‌ನಲ್ಲಿ 'ಮೌಸ್ ಮತ್ತು ಟಚ್‌ಪ್ಯಾಡ್' ವಿಭಾಗವನ್ನೂ, ಕೆಡಿಇ ಇರುವವರು 'ಟಚ್‌ಪ್ಯಾಡ್' ಪುಟವನ್ನೂ ತೆರೆಯಬೇಕು. 'ಟ್ಯಾಪ್ ಟು ಕ್ಲಿಕ್' ಆಯ್ದರೆ ಒಂದು ಬೆರಳಿನ ತಟ್ಟು ಎಡ ಕ್ಲಿಕ್, ಎರಡು ಬೆರಳಿನದು ಬಲ ಕ್ಲಿಕ್. ಕರ್ಸರ್ ಜಿಗಿತಕ್ಕೆ ಅಂಗೈ ತಾಗುವುದು ಸಾಮಾನ್ಯ ಕಾರಣ. ಟೈಪಿಂಗ್ ವೇಳೆ ಟಚ್‌ಪ್ಯಾಡನ್ನು ತಡೆಹಿಡಿಯುವ ಆಯ್ಕೆ ಚಾಲನೆಯಲ್ಲಿದೆಯೇ ನೋಡಿ. ಕೀಲಿಮಣೆ, ಟಚ್‌ಪ್ಯಾಡ್ ಎರಡನ್ನೂ ಒಟ್ಟಿಗೆ ಬಳಸುವ ಆಟಗಳಿಗೆ ಮಾತ್ರ ಅದು ಅಡ್ಡಿಯಾದೀತು. ಪುಟ ತಲೆಕೆಳಗಾಗಿ ಸರಿಯುತ್ತಿದೆಯೆನಿಸಿದರೆ 'ನ್ಯಾಚುರಲ್ ಸ್ಕ್ರೋಲಿಂಗ್' ಬದಲಿಸಿದರಾಯಿತು.

ಅಂತರಜಾಲದಲ್ಲಿ ಸಿಗುವ ಹಳೆಯ ಸಲಹೆಗಳ ಬಗ್ಗೆ ಜಾಗ್ರತೆ ಅಗತ್ಯ. ಅವುಗಳಲ್ಲಿ ಅನೇಕವು 'ಸಿನಾಪ್ಟಿಕ್ಸ್' ಎಂಬ ಹಿಂದಿನ ಡ್ರೈವರಿಗೆ ಬರೆದವು. ಅದು ಎಕ್ಸ್ ಎಂಬ ಹಳೆಯ ಪರದೆ ವ್ಯವಸ್ಥೆಗೆ ಸೇರಿದ್ದು. ಹೊಸದಾದ ವೇಲ್ಯಾಂಡ್‌ನಲ್ಲಿ ಕೆಲಸ ಮಾಡದು. 'ಎಕ್ಸ್‌ಇನ್‌ಪುಟ್' ಆದೇಶದಿಂದ ಮಾಡಿದ ಬದಲಾವಣೆ ಎಕ್ಸ್‌ನಲ್ಲಿಯೂ ಲಾಗ್‌ಔಟ್ ಆದೊಡನೆ ಅಳಿಸಿಹೋಗುತ್ತದೆ. ಆದ್ದರಿಂದ ಯಾವುದೇ ಆದೇಶ ಕೊಡುವ ಮುನ್ನ, ನಿಮ್ಮಲ್ಲಿರುವುದು ಎಕ್ಸ್ ವ್ಯವಸ್ಥೆಯೋ ವೇಲ್ಯಾಂಡೋ ಎಂದು ಖಚಿತಪಡಿಸಿಕೊಳ್ಳಿ.

ಗ್ನೋಮ್ ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ವಿಭಾಗವೇ ಕಾಣದಿದ್ದರೆ ಮಾತ್ರ ಸಮಸ್ಯೆ ಆಳದ್ದು. ವ್ಯವಸ್ಥೆ ಅದನ್ನು ಗುರುತಿಸಿಯೇ ಇಲ್ಲ ಎಂದರ್ಥ. ಈ ತಲೆನೋವು ತಪ್ಪಿಸಲು, ಹಾರ್ಡ್‌ಡಿಸ್ಕಿಗೆ ಅಳವಡಿಸುವ ಮುನ್ನವೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆ ಮಾಡಿ ಟಚ್‌ಪ್ಯಾಡನ್ನು ಪರೀಕ್ಷಿಸಿಕೊಳ್ಳುವುದು ಜಾಣತನ.